ಮಗ್ಗದ ಹೂಂ, ಫೋನಿನ ಹೂಂ

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಓಣಿಯಲ್ಲಿ ಈಗ ಕೋಳಿಗಿಂತ ಮೊದಲು ಫೋನು ಕೂಗುತ್ತದೆ. ಒಬ್ಬರದು ಹಾಡು ಹೇಳುತ್ತದೆ, ಇನ್ನೊಬ್ಬರದು ಕುದುರೆಯ ಹಾಗೆ ಕೆನೆಯುತ್ತದೆ. ಇದು ಬಂದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಿದರೆ ಮನೆ ಮನೆಯಲ್ಲೂ ಎರಡು ಪಕ್ಷ. ಇಳಕಲ್ಲಿನ ಹುಚ್ಚೇಶನ ಮನೆಯಲ್ಲೂ ಹಾಗೇ ಇತ್ತು. ಅವರ ಕಥೆ ಹೇಳುತ್ತೇನೆ ಕೇಳಿ. ನಡುವೆ ನಿಮ್ಮ ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತಾಡಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲೇ ಕೂತು ಅಲ್ಲೊಂದು ಕಿವಿ ಇಲ್ಲೊಂದು ಕಿವಿ ಮಾತ್ರ ಇಡಬೇಡಿ. ಯಾಕೆಂದು ಆಮೇಲೆ ನಿಮಗೇ ತಿಳಿಯುತ್ತದೆ.

ಹುಚ್ಚೇಶ ಕುಣಿ ಮಗ್ಗದ ನೇಕಾರ. ಕಾಲು ಕುಣಿಯೊಳಗೆ ಬಿಟ್ಟು ಕೂತನೆಂದರೆ ಸೊಂಟ ನೋಯುವ ತನಕ ಏಳುವ ಆಳಲ್ಲ. ಹೆಂಡತಿ ಅನುರಾಧಾ, ತಾಯಿ ಯಮನವ್ವ ಸೇರಿ ಮೂವರ ಸಂಸಾರ. ತಂಗಿ ಮಹಾನಂದಾಳನ್ನು ಬಾದಾಮಿಯ ವೀರೇಶನಿಗೆ ಕೊಟ್ಟಿದ್ದಾರೆ. ಹೋದ ವರ್ಷ, ಅಂದರೆ ಎರಡು ಸಾವಿರದ ಎಂಟರಲ್ಲಿ, ಮಹಾನಂದಾ ಚೊಚ್ಚಲ ಬಸುರಿಯಾದಳು. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಹಸಿರು ಸೀರೆ ಹೋಗಬೇಕು. ಅಂಗಡಿಯ ಸೀರೆ ಒಯ್ಯುವುದು ಹುಚ್ಚೇಶನಿಗೆ ಸುತಾರಾಂ ಒಪ್ಪಿಗೆ ಇರಲಿಲ್ಲ. ತಾನೇ ನೇಯ್ದು, ತೋಪು ತೆನಿಯ ಸೆರಗು ಹಾಕಿ, ತಂಗಿಗೆ ಉಡಿಸಬೇಕು ಎಂದು ಅವನ ಆಸೆ.

ಅದೇ ಹೊತ್ತಿಗೆ ಅವನ ಮನೆಗೆ ಫೋನು ಬಂತು. ಬಾಗಲಕೋಟೆಗೆ ಹೋದವನು ಬಣ್ಣದ ಪರದೆಯ, ಹಾಡಿನ, ಆಟದ ಮೊಬೈಲು ತಂದ. ಸುಳ್ಳು ಯಾಕೆ ಹೇಳಲಿ, ಅದರಿಂದ ಉಪಕಾರವೂ ಆಯಿತು. ಮೊದಲು ನೂಲು ಬಂತೋ ಇಲ್ಲವೋ ಎಂದು ವ್ಯಾಪಾರಿಯ ಅಂಗಡಿಗೆ ಸುಮ್ಮನೆ ಎಡತಾಕುತ್ತಿದ್ದ. ಈಗ ಕೂತಲ್ಲೇ ತಿಳಿಯುತ್ತಿತ್ತು. ಸಂಜೆಯಾದರೆ ಮಹಾನಂದಾ ಗಂಡನ ಫೋನಿನಿಂದ ಒಂದು ಮಿಸ್ ಕಾಲ್ ಕೊಡುವಳು, ಇವನು ತಿರುಗಿ ಹಚ್ಚುವನು, ಯಮನವ್ವ ಮಗಳ ದನಿ ಕೇಳಿ ನೆಮ್ಮದಿಯಿಂದ ರೊಟ್ಟಿ ತಿನ್ನುವಳು.

ಆದರೆ ಫೋನಿಗೆ ಸಂಜೆ ಯಾವುದು, ಮಧ್ಯಾಹ್ನ ಯಾವುದು ಎಂದು ತಿಳಿಯುವುದಿಲ್ಲವಲ್ಲ. ಹುನಗುಂದದಲ್ಲಿ ಹುಚ್ಚೇಶನ ಗೆಳೆಯ ಶಂಭು ರಿಚಾರ್ಜ್ ಅಂಗಡಿ ಇಟ್ಟಿದ್ದ. ಮಧ್ಯಾಹ್ನ ಅವನ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಹೊತ್ತು ಹೋಗದೆ ಇವನಿಗೆ ಫೋನು ಹಚ್ಚುತ್ತಿದ್ದ. ಯಾರ ಎಮ್ಮೆ ಈಯಿತು, ಯಾವ ಬಸ್ಸು ಕೆಟ್ಟು ನಿಂತಿತು, ಎಲ್ಲ ವರದಿಯೂ ಮಗ್ಗಕ್ಕೆ ಬರಬೇಕು. ಮಾತು ಇಲ್ಲದಾಗ ಹಾಡು, ಹಾಡು ಬೇಸರವಾದರೆ ಆಟ. ಮಗ್ಗದ ಸದ್ದು ನಿಂತು ನಿಂತು ಬರತೊಡಗಿತು. ಯಮನವ್ವ ಸಿಡಿಮಿಡಿಗೊಂಡರೆ, ಕೈ ಕೆಲಸ ಮಾಡುತ್ತದೆ, ಕಿವಿ ಖಾಲಿಯೇ ಇರುತ್ತದಲ್ಲ ಎಂದು ಹುಚ್ಚೇಶ ವಾದ ಹಾಕುತ್ತಿದ್ದ.

ಕಿವಿ ಖಾಲಿ ಇರುತ್ತದೆಯೇ? ನೇಕಾರರ ಮನೆಯಲ್ಲಿ ಬೆಳೆದವರಿಗೆ ಗೊತ್ತು. ತೋಪು ತೆನಿಯ ಸೆರಗು ಒಬ್ಬರಿಂದ ಆಗುವ ಕೆಲಸವಲ್ಲ. ಕೆಂಪು ರೇಷ್ಮೆಯೊಳಗೆ ಬಿಳಿಯ ತೆನಿ, ಅಂದರೆ ಜೋಳದ ತೆನೆಯಂಥ ಚಿತ್ತಾರ, ಸಾಲಾಗಿ ಮೂಡಬೇಕು. ಗಂಡ ಲಾಳಿ ಹಾಕಿದರೆ ಹೆಂಡತಿ ಪಕ್ಕದಲ್ಲಿ ಕೂತು ಬಿಳಿ ಎಳೆಯನ್ನು ಕೆಂಪಿಗೆ ಸಿಕ್ಕಿಸುತ್ತ ಹೋಗಬೇಕು. ಇಬ್ಬರ ಕಣ್ಣೂ ಎಳೆಯ ಮೇಲೆ. ಮುಖ ನೋಡಿ ಮಾತಾಡುವ ಹಾಗಿಲ್ಲ. ಅದಕ್ಕೆ ಈ ಮನೆಯಲ್ಲಿ ಒಂದೇ ಮಾತು: ಹುಚ್ಚೇಶ "ಹೂಂ" ಎನ್ನಬೇಕು, ಅನುರಾಧಾ ತನ್ನ ಬದಿಯ ಬಿಳಿ ಎಳೆಯನ್ನು ಒಂದು ಮನೆ ಮುಂದೆ ಸರಿಸಬೇಕು. ಹೂಂ ಎಂದರೆ ಸರಿಸು, ಸುಮ್ಮನಿದ್ದರೆ ತಡೆ. ಅವನ ಅಪ್ಪನೂ ಯಮನವ್ವನೂ ಹೀಗೆಯೇ ನೇಯ್ದವರು.

ಮಹಾನಂದಾಳ ಸೀರೆಯ ಮೈ ಮುಗಿದು ಸೆರಗು ಹತ್ತಿದ ದಿನ ಶಂಭುವಿನ ಫೋನು ಬಂತು. ಹುಚ್ಚೇಶ ಅದನ್ನು ಹೆಗಲಿಗೂ ಕಿವಿಗೂ ನಡುವೆ ಅವಚಿಕೊಂಡು ಲಾಳಿ ಹಾಕುತ್ತಲೇ ಇದ್ದ. ಶಂಭು ಆ ಕಡೆ ಉದ್ದಕ್ಕೆ ಮಾತು ಬಿಟ್ಟ. ಇವನು ಹೂಂ, ಹೂಂ, ಹೌದೇನು, ಹೂಂ ಎನ್ನುತ್ತ ಹೋದ. ಮಾತು ಮುಗಿಯುವ ಹೊತ್ತಿಗೆ ಗೇಣುದ್ದ ಸೆರಗು ಆಗಿತ್ತು.

ಊಟದ ಹೊತ್ತಿಗೆ ಯಮನವ್ವ ಬಂದು ಸೆರಗಿನ ಮೇಲೆ ಕೈಯಾಡಿಸಿದಳು. ಅವಳ ಬೆರಳು ಒಂದು ಕಡೆ ನಿಂತಿತು. ಹುಚ್ಚೇಶನ ಬದಿಯ ತೆನಿಗಳು ನೆಟ್ಟಗಿದ್ದವು. ಅನುರಾಧಾಳ ಬದಿಯವು ಬೆಳೆಯುವ ಮೊದಲೇ ಮುರುಟಿ ಹೋದ ಹಾಗೆ ಗಿಡ್ಡಗಿದ್ದವು. ಹುಚ್ಚೇಶನಿಗೆ ಸಿಟ್ಟು ನೆತ್ತಿಗೇರಿತು. ಎದುರಿಗೆ ಸಿಕ್ಕವಳು ಹೆಂಡತಿ. ಕಣ್ಣು ಎಲ್ಲಿಟ್ಟುಕೊಂಡು ಕೂತಿದ್ದಿ ಎಂದು ಬಾಯಿಗೆ ಬಂದ ಹಾಗೆ ಬೈದ. ಅನುರಾಧಾ ಎಲ್ಲವನ್ನೂ ಕೇಳಿಸಿಕೊಂಡು, ದನಿ ಏರಿಸದೆ ಹೇಳಿದಳು:

"ನೀವು ಹೂಂ ಅಂದ್ರಿ, ನಾ ಸರಿಸಿದೆ. ಯಾವ ಹೂಂ ನನಗ, ಯಾವ ಹೂಂ ಶಂಭುಗ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?"

ಅವಳು ಕಣ್ಣು ಒರೆಸಿಕೊಂಡು ಒಳಗೆ ಹೋದಳು. ತಪ್ಪು ತನ್ನದು ಎಂದು ಹುಚ್ಚೇಶನಿಗೆ ಆ ಕ್ಷಣವೇ ತಿಳಿದಿತ್ತು, ಬಾಯಿ ಬಿಟ್ಟು ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಸೆರಗನ್ನು ಬಿಚ್ಚಬೇಕಾಯಿತು. ನೇಯುವುದಕ್ಕಿಂತ ಬಿಚ್ಚುವುದು ಕಷ್ಟ. ಎಳೆ ಹರಿಯುತ್ತದೆ, ಗಂಟು ಹಾಕಬೇಕು, ಗಂಟು ಕಾಣದ ಹಾಗೆ ತೀಡಬೇಕು. ಯಮನವ್ವನ ಸಿಟ್ಟೆಲ್ಲ ಫೋನಿನ ಮೇಲೆ. "ಆ ದರಿದ್ರ ಡಬ್ಬಿ ಬಂದ್ ಮಾಡಿ ಜೋಳದ ಡಬ್ಬ್ಯಾಗ ಹಾಕು. ಕುಬಸ ಮುಗಿಯೂತನಕ ಅದರ ಸೊಲ್ಲು ನನಗ ಕೇಳಬಾರದು," ಎಂದು ತೀರ್ಪು ಕೊಟ್ಟಳು. ಹುಚ್ಚೇಶನೂ ನಾಚಿಕೊಂಡಿದ್ದ. ಬಂದ್ ಮಾಡಿ ಜೋಳದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಇಲ್ಲಿಗೆ ಕಥೆ ಮುಗಿಯಿತು, ಫೋನು ಹಾಳು, ಬಿಟ್ಟರೆ ಸುಖ ಎಂದು ನೀವು ಅಂದುಕೊಂಡಿರಬಹುದು. ಯಮನವ್ವನೂ ಹಾಗೇ ಅಂದುಕೊಂಡಿದ್ದಳು ಪಾಪ.

ಆ ಶುಕ್ರವಾರ ಮಹಾನಂದಾ ಅತ್ತೆಯ ಜೊತೆ ಬನಶಂಕರಿಗೆ ಹೋಗಿದ್ದಳು. ಗುಡಿಯ ಮುಂದೆಯೇ ತಲೆ ಸುತ್ತಿ ಕುಸಿದಳು. ಬಾದಾಮಿಯ ದವಾಖಾನೆಗೆ ಸೇರಿಸಿದರು. ಬಿ.ಪಿ. ಏರಿತ್ತು. ವೀರೇಶ ಗಾಬರಿಯಲ್ಲಿ ಇಳಕಲ್ಲಿಗೆ ಹಚ್ಚಿದ, ಮತ್ತೆ ಮತ್ತೆ ಹಚ್ಚಿದ. ಸ್ವಿಚ್ ಆಫ್ ಆಗಿದೆ ಎಂದು ಒಬ್ಬಳು ಹೆಣ್ಣುಮಗಳು ಹೇಳಿದ್ದೇ ಹೇಳಿದಳು. ಮರುದಿನ ಬಾದಾಮಿಯಿಂದ ಸಂತೆಗೆ ಬಂದವರೊಬ್ಬರು ಬಾಗಿಲಲ್ಲಿ ನಿಂತು ವಿಷಯ ತಿಳಿಸಿದಾಗ ಯಮನವ್ವ ಹಿಟ್ಟಿನ ಕೈಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದಳು.

ದೇವರ ದಯೆ, ಅವಳು ಹೋಗುವ ಹೊತ್ತಿಗೆ ಮಗಳು ಚೇತರಿಸಿಕೊಂಡು ಎದ್ದು ಕೂತಿದ್ದಳು. ತಾಯಿಯ ಕೈ ಹಿಡಿದು ಕೇಳಿದಳು: "ಯವ್ವಾ, ಅಣ್ಣ ಯಾಕ ಫೋನ್ ಬಂದ್ ಮಾಡ್ಯಾನ? ನನ್ನ ಮ್ಯಾಲೇನರ ಸಿಟ್ಟಾಗ್ಯಾನೇನು?"

ಇಲ್ಲವ್ವ, ಬಂದ್ ಮಾಡಿಸಿದಾಕಿ ನಾನೇ ಎಂದು ಹೇಳಿ ಯಮನವ್ವ ಅತ್ತಳು.

ತಿರುಗಿ ಬಂದ ಮೇಲೆ ಮನೆಯಲ್ಲಿ ಮೂವರೂ ಪೆಚ್ಚಾಗಿ ಕೂತರು. ಫೋನು ತೆರೆದಿಟ್ಟರೆ ಸೀರೆ ಕೆಡುತ್ತದೆ, ಮುಚ್ಚಿಟ್ಟರೆ ತಂಗಿ ಕೂಗಿದರೂ ಕೇಳುವುದಿಲ್ಲ. ಏನು ಮಾಡುವುದು? ಆಗ ಬಂದವಳು ಮಾಬುಬಿ. ಎರಡು ಮನೆಯಾಚೆ ಇರುವ ಅವಳು ಮಗ್ಗದವರಿಗೆ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕಿ ಸುತ್ತಿ ಕೊಡುತ್ತಾಳೆ, ಓಣಿಯ ಸ್ತ್ರೀಶಕ್ತಿ ಸಂಘವನ್ನೂ ನಡೆಸುತ್ತಾಳೆ. ನೂಲಿನ ಬುಟ್ಟಿ ಇಳಿಸಿ ಎಲ್ಲವನ್ನೂ ಕೇಳಿದಳು. ಅವಳ ಗಂಡ ದಸ್ತಗೀರಸಾಬ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದ. ಅಲ್ಲಿ ಒಬ್ಬ ಫೋನು ಕಿವಿಗಿಟ್ಟುಕೊಂಡೇ ಕಲ್ಲು ಕೊಯ್ಯುವ ಚಕ್ರದ ಹತ್ತಿರ ಹೋಗಿ, ಬೆರಳು ಹೋಗುವುದು ಕೂದಲೆಳೆಯಲ್ಲಿ ತಪ್ಪಿತ್ತಂತೆ.

"ಅಲ್ಲಿಂದ ಎಲ್ಲಾರ ಫೋನೂ ಗೇಟಿನಾಗ ಕೂತ ವಾಚಮನ್ ಕಡೆ ಇರ್ತಾವು," ಎಂದಳು ಮಾಬುಬಿ. "ಮನ್ಯಾಗ ಅವಸರ ಐತಿ ಅಂದ್ರ ಅಂವ ಬಂದು ಚಕ್ರ ನಿಲ್ಲಿಸಿ ಕರೀತಾನ. ಉಳಿದದ್ದೆಲ್ಲ ಊಟಕ್ಕ ಬಿಟ್ಟಾಗ. ಫೋನಿಂದೇನೂ ತಪ್ಪಿಲ್ಲ ತಮ್ಮಾ. ಅದಕ್ಕ ಒಂದು ಕಾವಲು ಬೇಕು ಅಷ್ಟ."

ನಮ್ಮ ಮನೆಗೆ ವಾಚಮನ್ ಎಲ್ಲಿಂದ ತರೋದು ಅಕ್ಕಾ ಎಂದು ಹುಚ್ಚೇಶ ಬೇಸರದ ನಗೆ ನಕ್ಕ. ಮಾಬುಬಿ ಯಮನವ್ವನ ಕಡೆ ನೋಡಿದಳು. ಉಳಿದಿಬ್ಬರೂ ಆ ಕಡೆಗೇ ನೋಡಿದರು.

"ನಾನಾ?" ಎಂದಳು ಯಮನವ್ವ. "ನನಗ ಓದಾಕ ಬರೂದಿಲ್ಲ, ಅಂಕಿ ಗೊತ್ತಾಗೂದಿಲ್ಲ. ಒಂದ ಒತ್ತಾಕ ಹೋಗಿ ಇನ್ನೊಂದ ಒತ್ತಿದ್ರ?"

ಓದುವುದು ಬೇಕಿಲ್ಲ ದೊಡ್ಡವ್ವಾ ಎಂದು ಮಾಬುಬಿ ಪಕ್ಕದಲ್ಲಿ ಕೂತು ಕಲಿಸಿದಳು. ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಒತ್ತಿದರೆ ಸಾಕು. ವೀರೇಶನ ನಂಬರಿಗೆ ಬೇರೆಯದೇ ಒಂದು ಗಂಟೆಯ ದನಿ ಹಾಕಿಕೊಟ್ಟಳು. ಗಂಟೆ ಬಾರಿಸಿದರೆ ಬಾದಾಮಿ, ಉಳಿದದ್ದೆಲ್ಲ ಉಳಿದ ಜನ. ಗಂಟೆಗೆ ಮಗ್ಗ ನಿಲ್ಲಬೇಕು, ಬೇರೆ ದನಿಗೆ ನಿಲ್ಲಬಾರದು. ಯಮನವ್ವ ಹಸಿರು ಗುಂಡಿಯನ್ನು ಮೊದಲು ಒತ್ತಿದ್ದು ಮೆಣಸಿನಕಾಯಿ ಕಿವುಚಿದ ಹಾಗೆ. ಫೋನು ತಡೆದುಕೊಂಡಿತು.

ಮರುದಿನದಿಂದ ಯಮನವ್ವ ಬಾಗಿಲ ಕಟ್ಟೆಯ ಮೇಲೆ, ಫೋನು ಅವಳ ಮಡಿಲಲ್ಲಿ, ಗಂಡ ಹೆಂಡತಿ ಮಗ್ಗದ ಮೇಲೆ. ಕೂರುವ ಮೊದಲು ಹುಚ್ಚೇಶ ಹೆಂಡತಿಗೆ, ಅವತ್ತು ತಪ್ಪು ನಂದೈತಿ ಎಂದು ಹೇಳಿದ. ಅನುರಾಧಾ ಬಿಳಿ ಎಳೆ ಕೈಗೆ ತೆಗೆದುಕೊಂಡು, ಹೂಂ ಅಂದಳು. ಈ ಸಲ ಅದು ಅವಳ ಹೂಂ.

ಶಂಭುವಿನ ಫೋನು ಬಂದರೆ ಯಮನವ್ವ ಅವಸರದ ಮಾತೇನಪ್ಪಾ ಎಂದು ಕೇಳುವಳು. ಅಲ್ಲ ಎಂದರೆ, ಊಟಕ್ಕೆ ಎದ್ದಾಗ ಮಾಡು ಎನ್ನುವಳು. ಆದರೆ ಕೆಂಪು ಗುಂಡಿ ಒತ್ತುವ ಮೊದಲು ತನ್ನ ಮಂಡಿನೋವಿನ ಪುರಾಣ ಹೇಳದೆ ಬಿಡುತ್ತಿರಲಿಲ್ಲ. ಕಾವಲಿನವಳಿಗೇ ಒಂದು ಕಾವಲು ಇಡಬೇಕು ಎಂದು ಮಾಬುಬಿ ಕಾಡಿಸಿದಳು. ಮಂಡಿನೋವಿಗೆ ಹೆದರಿ ಶಂಭು ಮಧ್ಯಾಹ್ನ ಫೋನು ಮಾಡುವುದನ್ನೇ ಬಿಟ್ಟ. ಕೆಂಪು ರೇಷ್ಮೆ ಬಂದಿದೆ ಎಂದು ವ್ಯಾಪಾರಿ ತಿಳಿಸಿದ್ದನ್ನು ಮಾತ್ರ ಯಮನವ್ವ ಒಂದಕ್ಷರ ತಪ್ಪದೆ ಊಟದ ಹೊತ್ತಿಗೆ ಮಗನಿಗೆ ಒಪ್ಪಿಸಿದಳು.

ಸೆರಗು ಮುಗಿಯಲು ಬಂದಿತ್ತು. ಕೊನೆಯ ಸಾಲಿನ ತೆನಿ ನಡೆದಿತ್ತು. ಆಗ ಕಟ್ಟೆಯ ಮೇಲೆ ಗಂಟೆ ಬಾರಿಸಿತು. ಒಳಗೆ ಮಗ್ಗ ನಿಂತಿತು. ಹೊರಗೆ ಯಮನವ್ವನ ದನಿ ಕೇಳಿಸಿತು. ಹೂಂ ಎಂದಳು. ಸ್ವಲ್ಪ ತಡೆದು ಮತ್ತೆ ಹೂಂ ಎಂದಳು. ಅನುರಾಧಾಳ ಬೆರಳು ತಾನಾಗಿ ಬಿಳಿ ಎಳೆಯ ಕಡೆ ಹೋಯಿತು. ಹುಚ್ಚೇಶ ಅವಳ ಕೈ ಹಿಡಿದ. "ಅದು ಅವ್ವನ ಹೂಂ. ಸರಿಸಬ್ಯಾಡ," ಎಂದ.

ಯಮನವ್ವ ಒಳಗೆ ಬಂದಳು. ಮುಖ ಅರಳಿತ್ತು. ಡಾಕ್ಟರು ನೋಡಿದರಂತೆ, ಬಿ.ಪಿ. ಇಳಿದಿದೆಯಂತೆ, ಕೂಸು ಚೆನ್ನಾಗಿದೆಯಂತೆ, ಕುಬಸ ಮಾಡಬಹುದಂತೆ. ಫೋನನ್ನು ಮಗನಿಗೆ ಚಾಚಿದಳು. ಹುಚ್ಚೇಶ ಲಾಳಿ ಇಟ್ಟ. ಕುಣಿಯಿಂದ ಎದ್ದು ಅಂಗಳಕ್ಕೆ ಬಂದ. ಆ ಕಡೆಯಿಂದ ಮಹಾನಂದಾ, ಮಗ್ಗದ ಮೇಲಿದ್ದೀ ಏನಣ್ಣಾ, ಆಮೇಲೆ ಮಾಡಲೇನು ಎಂದು ಕೇಳಿದಳು.

"ಇಲ್ಲ ತಂಗೀ. ಎದ್ದು ಹೊರಗ ಬಂದೇನಿ," ಎಂದ ಅವನು. "ಈಗ ನಿನ್ನ ಮಾತ ಒಂದ ಕೇಳಾಕತ್ತೇನಿ. ಸಾವಕಾಶ ಹೇಳು."

ಮಹಾನಂದಾಳಿಗೆ ಅಳು ಬಂತು. ಫೋನು ಬಂದಾಗಿನಿಂದ ಅಣ್ಣ ಹೀಗೆ ಪೂರ್ತಿ ಕಿವಿ ಕೊಟ್ಟದ್ದು ಅದೇ ಮೊದಲು.

ಕುಬಸದ ದಿನ ಬಾದಾಮಿಯ ಹೆಣ್ಣುಮಕ್ಕಳು ಹಸಿರು ಸೀರೆಯ ಸೆರಗು ಬಿಡಿಸಿ ಕೈಯಿಂದ ಕೈಗೆ ದಾಟಿಸಿದರು. ಎರಡೂ ಬದಿಯ ತೆನಿ ಒಂದೇ ಸಮ. ಮಹಾನಂದಾಳೂ ನೇಕಾರರ ಮಗಳಲ್ಲವೇ, ಅವಳ ಬೆರಳಿಗೆ ಒಂದು ಸಣ್ಣ ಗಂಟು ಸಿಕ್ಕೇ ಸಿಕ್ಕಿತು. ಇದೇನಣ್ಣಾ ಎಂದಳು.

"ಅದು ಶಂಭುನ ಫೋನು," ಎಂದ ಹುಚ್ಚೇಶ. ಅನುರಾಧಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ಫೋನನ್ನು ಬಾವಿಗೆ ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಅದು ದೂರದ ಮಗಳ ದನಿ ತರುತ್ತದೆ, ನೂಲಿನ ಸುದ್ದಿ ತರುತ್ತದೆ. ಆದರೆ ಮಗ್ಗದ ಮೇಲೆ, ಕಲ್ಲಿನ ಚಕ್ರದ ಮುಂದೆ, ಹೊಲಿಗೆ ಮಷೀನಿನ ಮೇಲೆ, ಗಾಡಿ ಓಡಿಸುವಾಗ ಅದನ್ನು ಕಿವಿಗೆ ಅವಚಿಕೊಳ್ಳಬೇಡಿ. ಮನೆಯಲ್ಲಿ ಯಾರಾದರೊಬ್ಬರ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ಅವಸರದವರ ನಂಬರಿಗೆ ಬೇರೆ ದನಿ ಹಾಕಿ ದೂರ ಇಡಿ, ಆ ದನಿ ಬಂದರೆ ಮಾತ್ರ ಕೆಲಸ ನಿಲ್ಲಿಸಿ ಏಳಿ. ಬಂದ್ ಮಾಡಿ ಜೋಳದ ಡಬ್ಬಿಗೂ ಹಾಕಬೇಡಿ. ಮಾತಾಡುವಾಗ ಪೂರ್ತಿ ಮಾತಾಡಿ, ದುಡಿಯುವಾಗ ಪೂರ್ತಿ ದುಡಿಯಿರಿ. ನಾಳೆ ಬೆಳಿಗ್ಗೆ ಕೆಲಸಕ್ಕೆ ಕೂತಾಗ ಒಮ್ಮೆ ಪಕ್ಕದಲ್ಲಿರುವವರನ್ನು ನೋಡಿ. ಅವರು ನಿಮ್ಮ ಹೂಂ ಕೇಳಿಕೊಂಡೇ ಕೈ ಮುಂದೆ ಮಾಡುತ್ತಾರೆ. ಆ ಹೂಂ ಅವರದೇ ಆಗಿರಲಿ.