ಹಗ್ಗದಿಂದ ಹೊಲಿದ ದೋಣಿ

“ಇನ್ನೊಂದೀಟು ಎಳೀರಿ,” ಎಂದ ಬಸಪ್ಪ. ದೋಣಿ ಕೊಟ್ಟಿಗೆಯ ಬಾಗಿಲು ದಾಟಿ ಅಂಗಳಕ್ಕೆ ಬಂತು. ಪಡಸಾಲೆಯಲ್ಲಿ ಅವನ ಅಣ್ಣ ಶಂಕ್ರಪ್ಪ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಗೋಡೆಗೆ ಒರಗಿ, ಜೀವವಿಲ್ಲದೆ ಕೂತಿದ್ದ.

ಹಿರಿಯರನ್ನು ಮಣ್ಣು ಮಾಡಿದ ಹೊಲ ವರದಾ ಹೊಳೆಯ ಆಚೆಗಿತ್ತು. ಹೆಣವನ್ನು ಆ ದೋಣಿಯಲ್ಲೇ ಒಯ್ಯಬೇಕೆಂದು ಶಂಕ್ರಪ್ಪನ ಹೆಂಡತಿ ಗುರುಶಾಂತವ್ವ ಹಟ ಹಿಡಿದಿದ್ದಳು.

“ಅತ್ತಿಗೆವ್ವಾ, ಅದು ಸೋರ್ತೈತಿ. ಮಂದಿ ನಗ್ತಾರ.”

“ನಗೂದು ಮಂದಿಗೇನು ಹೊಸದಲ್ಲ. ಅವರು ಇದ್ದಾಗಂತೂ ಅದು ಹೊಳಿ ದಾಟಲಿಲ್ಲ. ಇವತ್ತರ ದಾಟಲಿ.”

*

ಶಂಕ್ರಪ್ಪ ಬನವಾಸಿಯ ಮರದ ನಾಟಾ ವ್ಯಾಪಾರಿ. ಊರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಹೊಲದ ಬದುವಿನ ವೀರಗಲ್ಲಿನಲ್ಲಿ ಕೆತ್ತಿದ ದೋಣಿಯೊಂದನ್ನು ಕಂಡು ಅವನ ತಲೆ ಕೆಟ್ಟಿತು. ಅರಸರ ಕಾಲದ ಆ ದೋಣಿ ಮತ್ತೆ ಈ ಹೊಳೆಯಲ್ಲಿ ಓಡಬೇಕು! ಕಡಲ ದಂಡೆಯ ಕುಮಟೆಗೆ ಹೋಗಿ, ಹಿಂದಿನ ದೋಣಿ ಕಂಡಿದ್ದ ಮುದುಕರನ್ನು ಕೇಳಿ ಬಂದ. ಮೊಳೆ ಹೊಡೆಯದೆ, ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಿಂದ ವರ್ಷಗಟ್ಟಲೆ ಹೊಲಿದ. ಹೊಳೆಗೆ ಇಳಿಸಿದ ದಿನ ಊರೆಲ್ಲ ದಂಡೆಯಲ್ಲಿತ್ತು. ಸಂದುಸಂದಿನಲ್ಲೂ ನೀರು ನುಗ್ಗಿತು.

“ಶಂಕ್ರಪ್ಪ ಜರಡಿ ಹೊಲದಾನ,” ಎಂದರು ಯಾರೋ.

ಅವನು ಆಗಲೇ ಎಳೆಸಿ ಬಿಸಿಲಿಗೆ ಹಾಕಿದ. ನಾಟಾದವನಿಗೆ ಒಣಗಿದ ಮರವೇ ಮರ, ಹಸಿಯಾದದ್ದೆಲ್ಲ ದಂಡ. ಮತ್ತೆ ಹೊಲಿದು ಇಳಿಸಿದ, ಮತ್ತೆ ಸೋರಿತು, ಮತ್ತೆ ಒಣಗಿಸಿದ. ಕೊನೆಗೊಂದು ದಿನ ಅದರೊಳಗೆ ಕೂತು ಅತ್ತ. “ನನ್ನ ಕೈಲೆ ಏನೂ ಆಗ್ಲಿಲ್ಲ ನೋಡು,” ಎಂದ ಹೆಂಡತಿಗೆ. ಆಮೇಲೆ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ, ಊಟವೂ ಸೇರಲಿಲ್ಲ.

*

ದೋಣಿಯಲ್ಲಿ ಸೇವಂತಿಗೆ ಹರಡಿ ಹೊಳೆಗೆ ಇಳಿಸಿದರು. ಹೆಣ ಕೂರಿಸುವ ಮೊದಲೇ ಒಳಗೆ ನಿಂತ ಬಸಪ್ಪನ ಪಾದ ಮುಳುಗಿತು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

“ಒಯ್ರಿ, ನಿಮ್ಮ ದಾರೀಲೇ ಒಯ್ರಿ,” ಎಂದಳು ಗುರುಶಾಂತವ್ವ. ಅವಳಿಗೆ ಗಂಡ ಎರಡನೆಯ ಸಲ ಸತ್ತಂತಾಯಿತು.

ಹೆಣ ಕೂರಿಸಿ ಹೊತ್ತ ವಿಮಾನ ಸುತ್ತು ಹಾಕಿ ಸೇತುವೆಯ ಮೇಲೆ ಹೋಯಿತು. ದೋಣಿಯನ್ನು ಎಳೆಯಲು ಯಾರಿಗೂ ಮನಸ್ಸಿರಲಿಲ್ಲ. ಅದು ತುಂಬಿಕೊಂಡು ದಡದಲ್ಲೇ ಕೂತಿತು.

ಮಣ್ಣು ಕೊಟ್ಟವರು ಸಂಜೆ ಸ್ನಾನಕ್ಕೆ ಬಂದರು. ಅರ್ಧ ನೀರು ಮೊಗೆದು ಚೆಲ್ಲಿ ದೋಣಿಯನ್ನು ದಂಡೆಗೆ ಎಳೆದರು.

“ಉಳಿದಿದ್ದು ತಾನ ಸೋರ್ತೈತಿ, ತಡೀರಿ,” ಎಂದ ಬಸಪ್ಪ.

ಎಲ್ಲರೂ ಕಾದರು. ಗುರುಶಾಂತವ್ವ ಬಗ್ಗಿ ಹೊಲಿಗೆಯ ಉದ್ದಕ್ಕೂ ಕೈಯಾಡಿಸಿದಳು. ದಿನವಿಡೀ ನೀರು ಕುಡಿದು ಹಗ್ಗವೂ ಹಲಗೆಯೂ ಉಬ್ಬಿ ಒಂದಕ್ಕೊಂದು ಬಿಗಿದುಕೊಂಡಿದ್ದವು.

“ಒಣಗಸ್ತಿದ್ರಲ್ಲ,” ಎಂದಳು ಮೆಲ್ಲಗೆ. “ಒಂದಿನ ನೀರಾಗ ಬಿಟ್ಟಿದ್ರ ಸಾಕಿತ್ತು.”

ಬಸಪ್ಪ ದೋಣಿಯ ಅಡಿಗೆ ಬಗ್ಗಿ ನೋಡಿದ. ಒಂದು ಹನಿಯೂ ಹೊರಗೆ ಬರಲಿಲ್ಲ. ದೋಣಿಯೊಳಗೆ ನಿಂತ ನೀರಿನ ಮೇಲೆ ಬೆಳಗಿನ ಸೇವಂತಿಗೆ ತೇಲುತ್ತಿತ್ತು.