ಕೊಡವಲ್ಲ

ಬಸಲಿಂಗವ್ವ ಎರಡನೆಯ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಮನೆಯ ರೇಡಿಯೋದಲ್ಲಿ ಆ ಹಾಡು ಮತ್ತೆ ಬಂತು. ತಂಬೂರಿ, ತಬಲಾ, ಯಾರದೋ ಸಕ್ಕರೆಯಂಥ ಕಂಠ.

"ಕಲ್ಲಿಗೆ ನೀರು ಕೊಡುವ ಧಣಿ, ಕೂಸಿಗೂ ಕೊಡಬಲ್ಲ..."

ರೊಟ್ಟಿ ಹರಿಯಿತು. ಹರಿದದ್ದನ್ನು ಮುದ್ದೆ ಮಾಡಿ ಪರಾತಕ್ಕೆ ಒಗೆದಳು.

ಈ ಹಾಡು ಹುಟ್ಟಿದ್ದು ಇಳಕಲ್ಲಿನ ಹೊರಗೆ, ಕಾಶಪ್ಪ ಧಣಿಯ ಕಲ್ಲಿನ ಖಣಿಯಲ್ಲಿ, ಹೋದ ವರ್ಷದ ಬೇಸಿಗೆಯಲ್ಲಿ. ಅಲ್ಲೊಂದು ನೀರಿನ ಟಾಕಿ ಇತ್ತು, ಸದಾ ಕೀಲಿ ಹಾಕಿದ್ದು. ಆ ನೀರು ಕಲ್ಲು ಕೊರೆಯುವ ಮಶೀನಿಗೆ. ಬುಟ್ಟಿ ಹೊರುವ ಹೆಂಗಸರು ಮನೆಯಿಂದ ತಂದ ನೀರು ಮಧ್ಯಾಹ್ನದೊಳಗೆ ತೀರುತ್ತಿತ್ತು. ಅಂಥ ಒಂದು ಮಧ್ಯಾಹ್ನ ಅವರಲ್ಲೊಬ್ಬಳಾದ ದೌಲತಬಿಯ ಕೂಸಿಗೆ ವಾಂತಿಭೇದಿ ಹತ್ತಿ ನಾಲಿಗೆ ಒಣಗಿತು. ಅವಳು ಕೀಲಿ ಕೇಳಿದ್ದಕ್ಕೆ ಧಣಿ, "ಮಶೀನ ಬಂದ್ ಬಿದ್ದರ ನೀ ಕೊರೀತಿಯೇನು?" ಅಂದ. ಸಂಜೆಗೆ ಕೂಸು ಹೋಯಿತು.

ಗಂಡಸರು ಕೂಸನ್ನು ಮಣ್ಣಿಗೆ ಒಯ್ದ ಮೇಲೆ ದೌಲತಬಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದಳು: "ಕಲ್ಲಿಗೆ ನೀರು ಕೊಡ್ತಾನವ್ವ, ಕೂಸಿಗೆ ಕೊಡವಲ್ಲ." ವಾರದೊಳಗೆ ಖಣಿಯ ಹೆಂಗಸರೆಲ್ಲರ ಬಾಯಲ್ಲಿ ಅದೇ. ಬುಟ್ಟಿ ಬೋರಲು ಹಾಕಿ ಟಾಕಿಯ ಸುತ್ತ ಕುಳಿತು ಹಾಡಿದರು. ಮಶೀನಿನ ಗಂಡಸರೂ ಕೆಲಸ ಬಿಟ್ಟು ಬಂದು ಕುಳಿತರು. ಧಣಿ ಕೀಲಿ ತೆಗೆದ.

ಆಮೇಲೆ ಹಾಡು ಹುಡುಕಿಕೊಂಡು ರೇಡಿಯೋದವರೊಬ್ಬರು ಬಂದು ಬರೆದುಕೊಂಡು ಹೋದರು. ಮೈಸೂರು ಸೀಮೆಯವರು. ಈ ಕಡೆ "ಕೊಡವಲ್ಲ" ಎಂದರೆ ಕೊಡಲು ಒಲ್ಲ ಎಂದರ್ಥ. ಅವರ ಕಿವಿಗೆ ಅದು "ಕೊಡಬಲ್ಲ" ಎಂದು ಬಿತ್ತು. ಉಳಿದ ಮಾತನ್ನೂ ಅದಕ್ಕೆ ಹೊಂದಿಸಿ ತಿದ್ದಿದರು. ಒಂದೇ ಅಕ್ಷರದಲ್ಲಿ ಬೈಗುಳ ಹೊಗಳಿಕೆಯಾಯಿತು.

ಮೊದಲ ಸಲ ಕೇಳಿದ ದಿನವೇ ಬಸಲಿಂಗವ್ವ ರೇಡಿಯೋಕ್ಕೆ ಪತ್ರ ಬರೆದು, ತಾನು ಅಕ್ಷರ ಕಲಿತ ರಾತ್ರಿ ಸಾಲೆಯ ಪಂಢರೀನಾಥ ಮಾಸ್ತರರಿಗೆ ತೋರಿಸಿದ್ದಳು. ಅವರು "ಕೊಡವಲ್ಲ" ಎಂಬುದರ ಕೆಳಗೆ ಕೆಂಪು ಗೀಟು ಎಳೆದರು.

"ಕೊಡುವುದಿಲ್ಲ ಅಂತ ಶುದ್ಧ ಬರೀರಿ, ಬಸಲಿಂಗವ್ವ."

"ಜಗಳ ಇರೋದೇ ಆ ಮಾತಿಂದ್ರಿ, ಮಾಸ್ತರ. ಅದನ್ನ ತಗದರ ಪತ್ರದಾಗ ಏನ ಉಳೀತು?"

ಆದರೂ ಪತ್ರ ಹೋಗಲಿಲ್ಲ. ಕೆಂಪು ಗೀಟಿನದು ಬರೀ ನೆಪ. ಮಗ ದೇವಪ್ಪ ಅದೇ ಖಣಿಯ ಮಶೀನಿನ ಮೇಲೆ ದುಡಿಯುತ್ತಿದ್ದ. ರೇಡಿಯೋದಲ್ಲಿ ಪತ್ರ ಓದಿದರೆ ಬರೆದವರ ಹೆಸರನ್ನೂ ಓದುತ್ತಾರೆ. ದಸರೆಯಿಂದ ಯುಗಾದಿಯವರೆಗೆ ಅದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಕುಳಿತಿತ್ತು.

ಹಾಡು ಮುಗಿಯುವ ಹೊತ್ತಿಗೆ ದೌಲತಬಿ ಬಾಗಿಲಲ್ಲಿ ನಿಂತಿದ್ದಳು.

"ಕೇಳಿದೇನು, ಯಕ್ಕಾ?"

"ರೊಟ್ಟೀನೂ ಕೇಳ್ತು, ಹರೀತು. ಬಾ, ಕುಂದರು."

"ಕುಂದರೂದಿಲ್ಲ. ಟಾಕಿಗೆ ಮತ್ತ ಕೀಲಿ ಬಿತ್ತು. ಬಾಗಲಕೋಟಿಯಿಂದ ಖಣಿ ತಪಾಸಣಿ ಮಾಡೋ ಸಾಹೇಬ ಬಂದಿದ್ದ. ನೀರಿಲ್ರಿ ಅಂದ್ವಿ. 'ಧಣಿ ಕೊಡಬಲ್ಲ ಅಂತ ನೀವೇ ಹಾಡೀರಲ್ಲ, ನಾನೂ ರೇಡಿಯೋದಾಗ ಕೇಳೇನಿ' ಅಂತ ನಕ್ಕ. ಧಣಿ ಅವಗ ಚಾ ಕುಡಿಸಿ ಕಳಿಸಿದ. ಆ ಚಾದ ನೀರು ಎಲ್ಲೀದು? ಟಾಕೀದು." ಅವಳ ದನಿ ಏರಲಿಲ್ಲ. "ನನ್ನ ಕೂಸಿನ ಮಣ್ಣಿನ ಮ್ಯಾಲೆ ನಿಂದರಿಸಿ ಧಣಿಗೆ ಹಾರ ಹಾಕ್ಯಾರ, ಯಕ್ಕಾ."

ಬಸಲಿಂಗವ್ವ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಹಿಟ್ಟಿನ ಕೈಯಲ್ಲೇ ವಿಭೂತಿ ಗಟ್ಟಿ ಎತ್ತಿ ಪತ್ರ ತೆಗೆದಳು. ಉಣ್ಣಲು ಕುಳಿತಿದ್ದ ದೇವಪ್ಪ ನೋಡಿದ.

"ಯವ್ವಾ, ನಾಳೆ ನನ್ನ ಮನಿಗೆ ಕಳಸ್ತಾರ."

"ಕಳಸಲಿ. ಆ ನೀರು ಹೊಯ್ದು ಕೊರದ ಕಲ್ಲಿನ ಪಗಾರದ ರೊಟ್ಟಿ ನನ್ನ ಗಂಟಲದಾಗ ಇಳಿವಲ್ದು."

ದೇವಪ್ಪ ಹಿಡಿದ ತುತ್ತು ತಾಟಿಗಿಟ್ಟು ಎದ್ದ. ಗೂಟಕ್ಕೆ ತೂಗುಹಾಕಿದ ಅಂಗಿಯ ಕಿಸೆಯಿಂದ ತನ್ನ ಪೆನ್ನು ತೆಗೆದುಕೊಟ್ಟ.

ಅವಳು ಕೆಂಪು ಗೀಟು ಹಾಗೇ ಬಿಟ್ಟು ಕೆಳಗೆ ಸೇರಿಸಿದಳು: "ಇದು ತಪ್ಪಲ್ಲ, ನಮ್ಮ ಮಾತು. ವಲ್ಲ ಅಂದರೆ ಒಲ್ಲ. ನೀರು ಕೊಡದ್ದಕ್ಕೆ ಕೂಸು ಸತ್ತಿದೆ. ಈ ಸಲ ಹಾಡನ್ನು ದೌಲತಬಿಯ ಬಾಯಿಂದಲೇ ಕೇಳಿಸಿರಿ." ತನ್ನ ಹೆಸರನ್ನು ದಪ್ಪಗೆ ಬರೆದಳು. ಲಕೋಟೆಯನ್ನು ರೊಟ್ಟಿಯ ಹಿಟ್ಟಿನಿಂದಲೇ ಅಂಟಿಸಿದಳು.

ಟಪಾಲು ಕಚೇರಿಯ ಡಬ್ಬಿಯ ಬಾಯಿಗೆ ಲಕೋಟೆ ಅರ್ಧ ಹೋಗಿ ನಿಂತಿತು.

"ಇದೂ ಒಳಗ ತಗೊವಲ್ದಲ್ಲ, ಯಕ್ಕಾ," ಎಂದಳು ದೌಲತಬಿ.

ಬಸಲಿಂಗವ್ವ ಹಸ್ತದಿಂದ ಗುದ್ದಿದಳು. ಪತ್ರ ಒಳಗೆ ಬಿತ್ತು.