ಶಾಕುವಿನ ಸೊಂಟದಲ್ಲಿ ನಾನು

ನಾನು ಒಂದು ಬೆಳ್ಳಿಯ ಉಡಿದಾರ. ಬನಹಟ್ಟಿಯ ಪತ್ತಾರ ಮೌನೇಶಪ್ಪ ನನ್ನನ್ನು ಮಾಡಿದ. ಮಾಡಿಸಿದವಳು ನೇಕಾರರ ಮನೆಯ ತುಳಸವ್ವ, ಮೊಮ್ಮಗಳ ನಾಮಕರಣಕ್ಕೆಂದು. "ತುದೀಗೆ ಹತ್ತು ಕೊಂಡಿ ಹೆಚ್ಚಿಗಿ ಇಡಪಾ. ಕೂಸು ಬೆಳದಂಗ ಸಡ್ಲ ಮಾಡಾಕ ಬರಬೇಕು" ಅಂದಿದ್ದಳು. ಹೀಗೆ ಹುಟ್ಟುವಾಗಲೇ ನನಗೆ ಅಳೆಯುವ ಕೆಲಸ ಬಂತು. ಅದರ ಜಂಬವೂ ಬಂತು, ಸುಳ್ಳೇಕೆ ಹೇಳಲಿ.

ಮಗುವಿನ ಹೆಸರು ಶಾಕಾಂಬರಿ, ಮನೆಮಂದಿಗೆಲ್ಲ ಶಾಕು. ಒಂದೂವರೆ ವರ್ಷದಲ್ಲಿ ಅವಳು ದಾಟಿದ್ದು ಎರಡೇ ಕೊಂಡಿ. ಆಮೇಲೆ ಒಂದೇ ತಿಂಗಳಲ್ಲಿ ಮೂರು ದಾಟಿದಳು. ಕೂಸು ಮೈತುಂಬಿಕೊಂಡಿದೆ ಎಂದು ಬಂದವರೆಲ್ಲ ಹೊಗಳಿದರು. ನಾನು ಮಾತ್ರ ಅವಳ ಚರ್ಮದ ಮೇಲೆ ಕೆಂಪು ಗೆರೆ ಮೂಡಿಸಿದೆ. ನೀರು ಎರೆಯುತ್ತಿದ್ದ ತುಳಸವ್ವನ ಕೈ ಅಲ್ಲಿಯೇ ನಿಂತಿತು.

"ಸುವರ್ಣಾ, ಇಲ್ಲಿ ಬಾ. ಕೈಕಾಲು ಕಡ್ಡಿ ಆಗ್ಯಾವು. ಹೊಟ್ಟಿ ಅಷ್ಟ ಯಾಕ ಬೆಳದೈತಿ?" ಎಂದು ಸೊಸೆಯನ್ನು ಕರೆದಳು.

ದೂರದ ದೊಡ್ಡ ಆಸ್ಪತ್ರೆಯಲ್ಲಿ ಲಿವರಿನ ಕ್ಯಾನ್ಸರ್ ಅಂದರು. ಸ್ಕ್ಯಾನ್ ಮಾಡುವ ಮೊದಲು ನನ್ನನ್ನು ಬಿಚ್ಚಿದರು. ಸುವರ್ಣಾಳ ಸೆರಗಿನ ಗಂಟಿನಲ್ಲಿ ಏಳು ತಿಂಗಳು ಕುಳಿತೆ. ಕಿಮೋ ಆಯಿತು, ಲಿವರಿನ ಒಂದು ಭಾಗ ತೆಗೆದದ್ದಾಯಿತು. ಮತ್ತೆ ಸೊಂಟಕ್ಕೆ ಬಂದಾಗ ಹೊಟ್ಟೆ ಊದುವ ಮೊದಲಿನ ಕೊಂಡಿಗೇ ಸಿಕ್ಕಿಸಿದರು. ಓಣಿಯಲ್ಲೆಲ್ಲ ನನ್ನದೇ ಮಾತು, ಉಡಿದಾರ ಕೂಸಿನ ಜೀವ ಉಳಿಸಿತು ಅಂತ.

ಡಾಕ್ಟರು ಒಂದು ಮಾತು ಒತ್ತಿ ಹೇಳಿದ್ದರು. ಪ್ರತಿ ತಿಂಗಳು ರಕ್ತ ಪರೀಕ್ಷೆ ತಪ್ಪಿಸಬಾರದು, ರೋಗ ಮರಳಿದರೆ ಮೊದಲು ಏರುವುದು ಅಲ್ಲಿನ ಅಂಕಿ. ಆದರೆ ಸೂಜಿ ಕಂಡರೆ ಶಾಕು ಉಸಿರುಗಟ್ಟುವಂತೆ ಅಳುತ್ತಿದ್ದಳು. ತುಳಸವ್ವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಪ್ರತಿ ಸೋಮವಾರ ನನ್ನ ಒಳಗೆ ಎರಡು ಬೆರಳು ತೂರಿಸಿ, "ಹೆಂಗೈತಿ ಹೇಳು" ಎಂದು ನನ್ನನ್ನೇ ಕೇಳುತ್ತಿದ್ದಳು. ಬೆರಳು ಸಲೀಸಾಗಿ ಹೋಗುತ್ತಿತ್ತು.

"ಉಡದಾರ ಸಡ್ಲ ಐತಿ. ಈ ತಿಂಗಳ ಸೂಜಿ ಬ್ಯಾಡ."

ಸುವರ್ಣಾ ಅನುಮಾನಿಸಿದಳು, ಆಮೇಲೆ ಹೂಂ ಅಂದಳು. ಮುಂದಿನ ತಿಂಗಳೂ ಹಾಗೇ ಆಯಿತು. ನಾನು ಉಬ್ಬಿಹೋಗಿದ್ದೆ.

ಮೂರನೆಯ ತಿಂಗಳು ಆಸ್ಪತ್ರೆಯ ನರ್ಸ್ ಫೋನ್ ಮಾಡಿ ಗದರಿದಳು. ಹೋದರು. ಅಂಕಿ ಏರಿತ್ತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿ ನೋಡಿದರು.

"ಹೊಟ್ಟೆಯಲ್ಲಿ ಏನೂ ಇಲ್ಲ ಅಮ್ಮ. ಈ ಸಲ ಶ್ವಾಸಕೋಶಕ್ಕೆ ಹೋಗಿದೆ. ಎರಡು ಚುಕ್ಕೆ ಕಾಣ್ತಿವೆ."

ಶ್ವಾಸಕೋಶ! ನಾನು ಕಂಡದ್ದು ಸೊಂಟದ ಸುತ್ತಳತೆ ಮಾತ್ರ. ಎದೆಯ ಸುದ್ದಿ ನನಗೆಲ್ಲಿ ಗೊತ್ತು? ಗೊತ್ತಿಲ್ಲ ಅನ್ನಲು ನನಗೆ ಬಾಯಿ ಇರಲಿಲ್ಲ ನಿಜ, ಆದರೆ ಹೊಗಳಿಕೆ ಕೇಳುವಾಗ ಕಿವಿ ಚೆನ್ನಾಗಿಯೇ ಇತ್ತು. ನಾಚಿಕೆಯಾಯಿತು.

ತುಳಸವ್ವ ಹಣೆ ಚಚ್ಚಿಕೊಂಡಳು. "ನನ್ನ ಕೈಯಾರೆ ಎರಡ ತಿಂಗಳ ಕಳದ್ನಲ್ಲ ಯವ್ವಾ."

"ನಾನೂ ಹೂಂ ಅಂದಿದ್ನಲ್ಲ ಅತ್ತಿ" ಎಂದಳು ಸುವರ್ಣಾ. ಬೈಯಲಿಲ್ಲ. ಸ್ಕ್ಯಾನಿಗೆಂದು ಬಿಚ್ಚಿದ್ದ ನನ್ನನ್ನು ಮತ್ತೆ ಕಟ್ಟದೆ ಅತ್ತೆಯ ಕೈಗಿಟ್ಟಳು.

ತುಳಸವ್ವ ಮನೆಗೆ ಬಂದು ನನ್ನನ್ನು ಕುಂಕುಮದ ಹಳೆಯ ಡಬ್ಬಿಗೆ ಹಾಕಿ ಮುಚ್ಚಿದಳು. ಅಲ್ಲಿಂದ ನನಗೆ ಸಿಕ್ಕಿದ್ದು ದನಿಗಳು ಮಾತ್ರ. ಔಷಧಿ ಬದಲಾಯಿತು. ಜ್ವರ ಬಂತು. ಎದೆಯ ಆಪರೇಷನ್ ದಿನ ಮಗ್ಗಗಳು ನಿಂತವು. ಮಗ್ಗದ ಸದ್ದಿಲ್ಲದ ಆ ಮನೆಯಲ್ಲಿ ನಾನು ಹೆದರಿದೆ. ಮಧ್ಯಾಹ್ನ ಕಳೆದರೂ ಫೋನ್ ಬರಲಿಲ್ಲ. ಸಂಜೆ ಬಂತು. ಎರಡೂ ಚುಕ್ಕೆ ತೆಗೆದಿದ್ದರು. ಆಮೇಲೂ ತಿಂಗಳುಗಟ್ಟಲೆ ಅಂಕಿ ಇಳಿಯಿತೇ, ಇಳಿಯಿತೇ ಎಂಬ ಒಂದೇ ಮಾತು. ಕೊನೆಗೆ ಇಳಿಯಿತು.

ಶಾಕುವಿಗೆ ಈಗ ಎಂಟು ವರ್ಷ. ಔಷಧಿಯಿಂದ ಕಿವಿ ಮಂದವಾಗಿ ಯಂತ್ರ ಹಾಕಿಕೊಳ್ಳುತ್ತಾಳೆ. ಜಗಳಕ್ಕೇನೂ ಕಡಿಮೆಯಿಲ್ಲ. ಮೊನ್ನೆ ಡಬ್ಬಿ ತೆರೆದು ನನ್ನನ್ನು ಸೊಂಟಕ್ಕೆ ಸುತ್ತಿಕೊಂಡಳು. ಕೊನೆಯ ಕೊಂಡಿಯೂ ಕೂಡಲಿಲ್ಲ. ತುಳಸವ್ವ ಓಡಿಬಂದು ಅವಳ ಹೊಟ್ಟೆ ಮುಟ್ಟಿದಳು.

"ಅತ್ತಿ, ಎಂಟ ವರ್ಷದಾಕಿ ಆಗ್ಯಾಳ, ಬೆಳದಾಳ" ಎಂದು ಸುವರ್ಣಾ ನಕ್ಕಳು.

"ಅದೆಲ್ಲ ಇರ್ಲಿ. ಸೂಜಿ ಯಾವತ್ತೈತಿ?"

"ಸೋಮವಾರ."

ಸೋಮವಾರ ಮೂವರೂ ಹೋದರು. ನಾನು ಡಬ್ಬಿಯಲ್ಲಿ ಕಾದೆ. ಗುರುವಾರ ವರದಿ ಬಂತು. ಸ್ವಲ್ಪ ಹೊತ್ತಿಗೆ ಮುಚ್ಚಳ ತೆರೆಯಿತು. ತುಳಸವ್ವ ನನ್ನನ್ನು ಅಂಗೈ ಮೇಲೆ ಇಟ್ಟುಕೊಂಡಳು. ಈ ಸಲ ಏನನ್ನೂ ಕೇಳಲಿಲ್ಲ, ತಾನೇ ಹೇಳಿದಳು.

"ಆರಾಮ ಅದಾಳ. ನಿನಗೂ ಗೊತ್ತಿರ್ಲಿ."